ಚೀಟಿ ಇಲ್ಲದ ಜಡ್ಡು



ದುಡಿಯುವವರ ಆರೋಗ್ಯ ಕುರಿತು ಸಂಶೋಧನೆ ಮಾಡುವವರು ಮೊದಲು ಹುಡುಕುವುದು ರಜೆಯ ಲೆಕ್ಕ. ಯಾರು, ಎಷ್ಟು ದಿನ, ಯಾವ ಕಾಯಿಲೆಯಿಂದ ಕೆಲಸಕ್ಕೆ ಬರಲಿಲ್ಲ? ಈ ಲೆಕ್ಕ ಹುಟ್ಟುವುದು ಡಾಕ್ಟರ ಸರ್ಟಿಫಿಕೇಟಿನಿಂದ. ಹಾಗಾಗಿ ಆ ಚೀಟಿ ಯಾರಿಗೆ ಸಿಗಬೇಕೆಂಬ ನಿಯಮವೇ, ಯಾರ ಜಡ್ಡು ಲೆಕ್ಕಕ್ಕೆ ಬರಬೇಕೆಂಬುದನ್ನೂ ತೀರ್ಮಾನಿಸುತ್ತದೆ.

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಯೋಜನೆಯನ್ನೇ ನೋಡಿ. ಅದರಲ್ಲಿ ಹೆಸರಿರುವ ಕಾರ್ಮಿಕ ಹಾಸಿಗೆ ಹಿಡಿದರೆ ಪಗಾರದ ಶೇ. 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಹಣಕ್ಕಾಗಿ ಚೀಟಿ ಬೇಕು. ಚೀಟಿಯಿಂದ ದಾಖಲೆ ಉಳಿಯುತ್ತದೆ. ಆದರೆ 1948ರ ಇಎಸ್‌ಐ ಕಾನೂನು ಗಣಿಗಳನ್ನು ಕಾರ್ಖಾನೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಪಾಲಿಶ್ ಹಾಕುವ ಕಾರ್ಖಾನೆ ಅದರೊಳಗೆ ಬರಬಹುದಿತ್ತು. ಅದೇ ಕಲ್ಲನ್ನು ಕ್ವಾರಿಯಲ್ಲಿ ಕೊರೆಯುವವರಿಗೆ ಆ ದಾರಿ ಇರಲಿಲ್ಲ.

ಧೂಳು ಹೆಚ್ಚು ನುಂಗುವುದು ಕೊರೆಯುವವರೇ. ನೀರು ಹಾಕದೆ ಡ್ರಿಲ್ ಹೊಡೆದಾಗ ಏಳುವ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು, ವರ್ಷಗಳ ನಂತರ ಸಿಲಿಕೋಸಿಸ್ ಆಗುತ್ತದೆ. ಬಾದಾಮಿಯ ಮರಳುಗಲ್ಲನ್ನು ಕಡಿಯುವವರಿಗೂ ಇದೇ ಅಪಾಯ. ಕೆಮ್ಮು, ದಮ್ಮು, ಸೊರಗಿದ ಮೈ ನೋಡಿದರೆ ಕ್ಷಯವೆಂದೇ ತೋರುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಕೇಳದಿದ್ದರೆ ಚೀಟಿಯಲ್ಲಿ ಟಿ.ಬಿ. ಎಂದಷ್ಟೇ ಉಳಿಯುತ್ತದೆ. 1952ರ ಗಣಿ ಕಾನೂನಿನ 25ನೇ ಕಲಮು ಇಂಥ ರೋಗಗಳನ್ನು ವರದಿ ಮಾಡಬೇಕೆಂದು ಹೇಳಿತು. ಆದರೆ ಗುರುತಿಸದ ರೋಗವನ್ನು ವರದಿ ಮಾಡುವವರು ಯಾರು?

ಇನ್ನು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ನೇಯುವವರು. ಕುಣಿಮಗ್ಗ ಮನೆಯೊಳಗೇ ಇದೆ. ಕೂಲಿ ಸೀರೆಯ ಲೆಕ್ಕದಲ್ಲಿ. ಬೆನ್ನು ಹಿಡಿದರೆ ಲಾಳಿ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ರಜೆ ಕೊಡುವ ಮಾಲೀಕನೇ ಇಲ್ಲದ ಮೇಲೆ ಸರ್ಟಿಫಿಕೇಟ್ ಯಾರಿಗೆ ಕೊಡಬೇಕು?

ನಿಯಮ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಮೊದಲ ಏಳು ದಿನದ ಕಾಯಿಲೆಗೆ ಕಾರ್ಮಿಕರ ಮಾತೇ ಸಾಕು. ಅಲ್ಲಿ ಡಾಕ್ಟರ ಚೀಟಿಯನ್ನಷ್ಟೇ ಎಣಿಸಿದರೆ ನೆಗಡಿ, ಬೆನ್ನುನೋವಿನಂಥ ಸಣ್ಣ ಜಡ್ಡುಗಳು ಕೈತಪ್ಪುತ್ತವೆ. ನಮ್ಮಲ್ಲಿ ಮತ್ತೊಂದು ತೊಡಕು: ಚೀಟಿ ಬಿಟ್ಟು ಕ್ವಾರಿಗೇ ಹೋಗಿ ಪರೀಕ್ಷಿಸಿದರೆ ಸಿಗುವವರು ಇನ್ನೂ ದುಡಿಯಬಲ್ಲವರು, ಕೈಲಾಗದವರು ಆಗಲೇ ಊರು ಸೇರಿರುತ್ತಾರೆ.

ಆದ್ದರಿಂದ ಈ ಭಾಗದ ಹುನಗುಂದ, ಬಾಗಲಕೋಟೆಯ ಸರಕಾರಿ ದವಾಖಾನೆಗಳ ಚೀಟಿಯಲ್ಲಿ ಎರಡು ಸಾಲು ಕಡ್ಡಾಯವಾಗಲಿ: ಯಾವ ಕೆಲಸ, ಎಷ್ಟು ವರ್ಷ. ಕೆಲಸ ಬಿಟ್ಟವರ ಮನೆಗೂ ಸಂಶೋಧಕರು ಹೋಗಲಿ. ಅಲ್ಲಿಯವರೆಗೆ, ದಾಖಲೆಯಲ್ಲಿ ಜಡ್ಡು ಕಡಿಮೆ ಇದೆ ಎಂದ ಮಾತ್ರಕ್ಕೆ ನಮ್ಮ ದುಡಿಯುವ ಜನ ಆರಾಮಾಗಿದ್ದಾರೆಂದು ಯಾರೂ ಹೇಳುವಂತಿಲ್ಲ.