ಗಣಕಯಂತ್ರವು ನಮ್ಮ ದುಡಿಮೆಯನ್ನು ನೋಡುವ ಬಗೆ

(ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ರೈತರು ಹಾಗೂ ರೈತ ಮಹಿಳೆಯರಿಗಾಗಿ ರಾಯಚೂರಿನಲ್ಲಿ ನಡೆದ ತರಬೇತಿಯಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಹತ್ತಿಯ ಗುಲಾಬಿ ಕಾಯಿಕೊರಕ, ತೊಗರಿಯ ಗೊಡ್ಡು ರೋಗ ಎಂದು ನಿಮಗೆ ಬೇಕಾದ ವಿಷಯಗಳನ್ನೇ ಕೇಳಿದ್ದೀರಿ. ಊಟವಾದ ಮೇಲೆ ಗಣಕಯಂತ್ರದ ಮಾತು ತೆಗೆದರೆ ಕೆಲವರಿಗೆ ತೂಕಡಿಕೆ ಬರುವುದು ಸಹಜ. ಆದರೂ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ವಿನಂತಿ. ಏಕೆಂದರೆ ನಾನು ಹೇಳಹೊರಟಿರುವ ಯಂತ್ರ ನೋಡುವುದು ಬೆಳೆಯನ್ನಲ್ಲ, ನಿಮ್ಮನ್ನು. ಹೊಲದಲ್ಲಿ ಬಾಗುವ, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ, ಹೊರೆ ಹೊರುವ ಮನುಷ್ಯರನ್ನು ವಿಡಿಯೊ ಚಿತ್ರದಲ್ಲಿ ನೋಡಿ, ‘ಇವರು ಇಂಥ ಕೆಲಸ ಮಾಡುತ್ತಿದ್ದಾರೆ’ ಎಂದು ಗುರುತಿಸುವ ವಿದ್ಯೆ ಇಂದು ಬೆಳೆದಿದೆ. ಅದು ಹೇಗೆ ನೋಡುತ್ತದೆ, ಎಲ್ಲಿ ಎಡವುತ್ತದೆ ಎಂಬುದು ನಿಮಗೆ ತಿಳಿದಿರಬೇಕು.

ಮೊದಲು ನಮ್ಮ ಕಣ್ಣಿನ ಮಾತು. ಮುಸ್ಸಂಜೆಯಲ್ಲಿ ಬದುವಿನ ಮೇಲೆ ದೂರದಿಂದ ಯಾರೋ ಬರುತ್ತಿರುತ್ತಾರೆ. ಮುಖ ಕಾಣುವುದಿಲ್ಲ, ಅಂಗಿಯ ಬಣ್ಣ ತಿಳಿಯುವುದಿಲ್ಲ. ಆದರೂ ‘ಅವ ನಮ್ಮ ಮಾವ, ನಡಿಗಿ ನೋಡು’ ಎನ್ನುತ್ತೇವೆ. ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ಗುನ್ನಾರ್ ಯೊಹಾನ್ಸನ್ ಎಂಬ ವಿಜ್ಞಾನಿ 1973ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಮನುಷ್ಯನ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡು ಇವುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳನ್ನು ಕಟ್ಟಿ, ಕತ್ತಲಲ್ಲಿ ನಡೆಸಿ ಚಲನಚಿತ್ರ ತೆಗೆದರು. ಚುಕ್ಕೆಗಳು ನಿಂತಲ್ಲೇ ಇದ್ದರೆ ನೋಡುವವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಚಲಿಸಿದ ಕೂಡಲೇ ‘ಮನುಷ್ಯ ನಡೆಯುತ್ತಿದ್ದಾನೆ’ ಎಂದರು. ಅಂದರೆ ಚಲನೆಯನ್ನು ಗುರುತಿಸಲು ಮೈಯೆಲ್ಲ ಬೇಕಿಲ್ಲ, ಕೀಲುಗಳ ಜಾಡು ಸಾಕು. ತೊಗಲು ಗೊಂಬೆ ಆಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎನ್ನಿ.

ಇನ್ನು ಯಂತ್ರ. ಅದಕ್ಕೆ ಮನುಷ್ಯ ಎಂಬ ತಿಳಿವಳಿಕೆಯೇ ಇಲ್ಲ. ಸಾಮಾನ್ಯ ಮೊಬೈಲಿನ ಒಂದು ವಿಡಿಯೊ ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು. ಇಂಥ ಚೌಕಟ್ಟುಗಳು ಸೆಕೆಂಡಿಗೆ 30. ಅಂದರೆ ಒಂದೇ ಸೆಕೆಂಡಿನಲ್ಲಿ ಆರು ಕೋಟಿಗೂ ಮಿಕ್ಕಿದ ಬಿಂದುಗಳ ಲೆಕ್ಕ. ನಾವು ಹತ್ತಿ ಬಿಡಿಸುವ ಅವ್ವನನ್ನು ಕಾಣುವಲ್ಲಿ ಯಂತ್ರಕ್ಕೆ ಕಾಣುವುದು ಈ ಅಂಕಿಗಳ ರಾಶಿ.

ರಾಶಿಯಿಂದ ಕಾಳು ತೆಗೆಯಲು ಮೊದಲು ಹಿಡಿದ ದಾರಿ ಬಹಳ ಸರಳ. ಈಗಿನ ಚೌಕಟ್ಟಿನಿಂದ ಹಿಂದಿನ ಚೌಕಟ್ಟನ್ನು ಕಳೆಯುವುದು, ಉಳಿದದ್ದೇ ಚಲನೆ. ಮುಚ್ಚಿದ ಕೋಣೆಯಲ್ಲಿ ಇದು ನಡೆಯುತ್ತದೆ. ಆದರೆ ದೇವದುರ್ಗದ ಹತ್ತಿ ಹೊಲದಲ್ಲಿ ಗಾಳಿ ಬೀಸಿದರೆ ಗಿಡವೂ ಚಲಿಸುತ್ತದೆ, ನೆರಳೂ ಚಲಿಸುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ. 2010ರಲ್ಲಿ ಮೈಕ್ರೊಸಾಫ್ಟ್ ಕಂಪನಿ ಕಿನೆಕ್ಟ್ ಎಂಬ ಆಟದ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬೀರಿ, ಎದುರಿಗಿದ್ದವರು ಎಷ್ಟು ದೂರದಲ್ಲಿದ್ದಾರೆ ಎಂದು ಅಳೆದು ಕೈಕಾಲುಗಳನ್ನು ಗುರುತಿಸುತ್ತಿತ್ತು. ಒಳ್ಳೆಯ ಉಪಾಯವೇ. ಆದರೆ ಬಿಸಿಲಿನಲ್ಲೂ ಅದೇ ಕಿರಣಗಳಿರುವುದರಿಂದ ಬಯಲಿಗೆ ತಂದರೆ ಸಾಧನ ಕುರುಡಾಗುತ್ತಿತ್ತು. ರಾಯಚೂರಿನ ಬಿಸಿಲಿನ ಮಾತು ನಿಮಗೆ ನಾನು ಹೇಳಬೇಕೇ?

ನಿಜವಾದ ಬದಲಾವಣೆ ಬಂದದ್ದು ಅನಂತರ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸಾಧಾರಣ ಕ್ಯಾಮೆರಾದ ಚಿತ್ರದಲ್ಲೇ ಗುಂಪಿನಲ್ಲಿರುವ ಪ್ರತಿಯೊಬ್ಬರ ಕೀಲುಗಳನ್ನು ಹುಡುಕಿ ಗೆರೆ ಎಳೆದು ಜೋಡಿಸುವ ಓಪನ್‌ಪೋಸ್ ಎಂಬ ವಿಧಾನವನ್ನು ಪ್ರಕಟಿಸಿದರು. 2020ರ ವೇಳೆಗೆ ಗೂಗಲ್ ಸಂಸ್ಥೆಯವರು ಮೈಯ ಮೇಲೆ 33 ಬಿಂದುಗಳನ್ನು ಮೊಬೈಲಿನಲ್ಲೇ ಗುರುತಿಸುವಂತೆ ಮಾಡಿದರು. ಒಂದು ಅಂಗೈಗೇ ಬೇರೆಯಾಗಿ 21 ಬಿಂದುಗಳಿವೆ. ಯೊಹಾನ್ಸನ್ನರ ಬೆಳಕಿನ ಚುಕ್ಕೆಗಳನ್ನು ಈಗ ಕಟ್ಟಬೇಕಾಗಿಲ್ಲ. ಯಂತ್ರವೇ ಊಹಿಸಿ ಇಡುತ್ತದೆ.

‘ಊಹಿಸಿ’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ಯಂತ್ರ ಕಲಿಯುವುದು ಚಿತ್ರಗಳಿಂದ. ಸಾವಿರಾರು ಚಿತ್ರಗಳಲ್ಲಿ ಮನುಷ್ಯರೇ ಕುಳಿತು ‘ಇದು ಮೊಣಕೈ, ಇದು ಸೊಂಟ’ ಎಂದು ಗುರುತು ಹಾಕಿ ಕೊಟ್ಟಿರುತ್ತಾರೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2014ರಲ್ಲಿ ಮಾಡಿದ ಇಂಥ ಸಂಗ್ರಹದಲ್ಲಿ ಸುಮಾರು 25,000 ಚಿತ್ರಗಳಿದ್ದವು. 2017ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ಯೂಟ್ಯೂಬಿನಿಂದ ಆರಿಸಿ 400 ಬಗೆಯ ಕ್ರಿಯೆಗಳ ತುಣುಕುಗಳನ್ನು ಒಟ್ಟುಗೂಡಿಸಿದರು. ಆ ಪಟ್ಟಿಯಲ್ಲಿ ಹಾಲು ಕರೆಯುವುದಿದೆ, ಹಣ್ಣು ಕೀಳುವುದಿದೆ, ಕುರಿಯ ಉಣ್ಣೆ ಕತ್ತರಿಸುವುದಿದೆ. ನೆಲ್ಲು ನಾಟಿ ಇಲ್ಲ. ಹತ್ತಿ ಬಿಡಿಸುವುದೂ ಇಲ್ಲ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ವರ್ಷದಲ್ಲಿ ತಿಂಗಳುಗಟ್ಟಲೆ ಮಾಡುವ ಎರಡು ಕೆಲಸಗಳು ಆ ಲೆಕ್ಕಕ್ಕೇ ಬರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಬೀಜದ ಮೂಟೆಯಲ್ಲಿ ಇಲ್ಲದ ಬೆಳೆ ಹೊಲದಲ್ಲಿ ಹೇಗೆ ಬಂದೀತು?

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಗದ್ದೆಯಲ್ಲಿ ನಾನೇ ಇದನ್ನು ಕಂಡೆ. ನಾಟಿ ಹಚ್ಚುತ್ತಿದ್ದ ತಾಯಂದಿರ ಒಪ್ಪಿಗೆ ಪಡೆದು ಮೊಬೈಲ್ ಹಿಡಿದೆ. ನೆಟ್ಟಗೆ ನಿಂತವರ ಮೇಲೆ ಗೆರೆಗಳು ಸರಿಯಾಗಿ ಕುಳಿತವು. ಬಾಗಿದ ಕೂಡಲೇ ತಲೆ ಎಲ್ಲಿ, ಸೊಂಟ ಎಲ್ಲಿ ಎಂದು ಯಂತ್ರ ತಡಬಡಾಯಿಸಿತು. ಕೆಸರಿನಲ್ಲಿ ಮುಳುಗಿದ ಪಾದಗಳ ಬದಲಿಗೆ ನೀರಿನಲ್ಲಿದ್ದ ಪ್ರತಿಬಿಂಬಕ್ಕೆ ಚುಕ್ಕೆ ಇಟ್ಟಿತು. ಸೆರಗನ್ನು ಕಟ್ಟಿ ಉಡಿ ಮಾಡಿಕೊಂಡವರ ಮೈಗೆರೆ ಅದಕ್ಕೆ ಹೊಸದು. ಅಕ್ಕಪಕ್ಕ ಒತ್ತಾಗಿ ಬಾಗಿದ್ದ ಇಬ್ಬರನ್ನು ಒಬ್ಬರೆಂದೇ ಎಣಿಸಿತು. ಅದನ್ನು ನೋಡಿ ಅವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಾಳೆ ಇಂಥ ಎಣಿಕೆಯ ಮೇಲೆಯೇ ಯಾರದಾದರೂ ಕೂಲಿ ನಿಂತರೆ ಏನು ಗತಿ ಎನಿಸಿತು.

ಇದು ಬರಿಯ ಅಂಜಿಕೆಯಲ್ಲ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋದವರಿಗೆ ಎನ್.ಎಂ.ಎಂ.ಎಸ್. ಎಂಬ ಮೊಬೈಲ್ ಹಾಜರಾತಿ ನೆನಪಿರಬಹುದು. 2023ರ ಜನವರಿ 1ರಿಂದ ಸಾಮುದಾಯಿಕ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಸಲ, ಸ್ಥಳ ಮತ್ತು ಸಮಯದ ಗುರುತಿನೊಡನೆ ಕೂಲಿಕಾರರ ಫೋಟೊ ಏರಿಸುವುದನ್ನು ಕಡ್ಡಾಯ ಮಾಡಲಾಯಿತು. ಕಳ್ಳ ಹಾಜರಿ ತಪ್ಪಿಸುವುದು ಉದ್ದೇಶ. ಆದರೆ 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಫೋಟೊಗಳು, ಫೋಟೊದ ಮೇಲೆ ತೆಗೆದ ಫೋಟೊಗಳು, ಚಿತ್ರದಲ್ಲಿ ಇರುವವರಿಗೂ ಹಾಜರಿಯಲ್ಲಿ ಇರುವವರಿಗೂ ತಾಳೆಯಾಗದ ಎಣಿಕೆ ಇವನ್ನೆಲ್ಲ ಎತ್ತಿ ತೋರಿಸಿ, ಪಂಚಾಯಿತಿ ಮಟ್ಟದಲ್ಲಿ ಮನುಷ್ಯರೇ ಚಿತ್ರಗಳನ್ನು ಪರಿಶೀಲಿಸಬೇಕೆಂದು ಹೇಳಿತು. ನಿಂತ ಫೋಟೊದಲ್ಲಿ ತಲೆ ಕಾಣುತ್ತದೆ, ಅಗೆದ ಮಣ್ಣು ಕಾಣುವುದಿಲ್ಲ. ಫೋಟೊದ ಜಾಗಕ್ಕೆ ವಿಡಿಯೊ ಬಂದು, ಚಲನೆ ಗುರುತಿಸುವ ಯಂತ್ರ ಬಂದರೂ, ಅದು ತಪ್ಪಿದಾಗ ಯಾರನ್ನು ಕೇಳಬೇಕು ಎಂಬುದು ಮೊದಲೇ ಗೊತ್ತಿರಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಈ ವಿದ್ಯೆ ಬೇಡವೇ? ಬೇಕು. ಅದೇ ಗದ್ದೆಯಲ್ಲಿ ಒಬ್ಬ ಹಿರಿಯ ತಾಯಿ ಕೇಳಿದರು: ‘ಏನ್ರೀ ಸಾಹೇಬ್ರ, ನಮ್ಮ ಬೆನ್ನ ನೋಯೋದು ಇದರಾಗ ಕಾಣ್ತದೇನ್ರೀ?’ ನೋವು ಕಾಣುವುದಿಲ್ಲ ಯವ್ವಾ, ಬಾಗು ಕಾಣುತ್ತದೆ ಎಂದೆ. ಆ ಬಾಗನ್ನು ಅಳೆಯುವುದೇ ಈ ವಿದ್ಯೆಯಿಂದ ನಮಗೆ ಸದ್ಯಕ್ಕೆ ಆಗಬಹುದಾದ ದೊಡ್ಡ ಉಪಕಾರ.

ದುಡಿಯುವವರ ಮೈಭಂಗಿಗೆ ಅಂಕ ಕೊಡುವ ರೂಲಾ ಎಂಬ ವಿಧಾನವನ್ನು 1993ರಲ್ಲಿ ಇಂಗ್ಲೆಂಡಿನ ಇಬ್ಬರು ತಜ್ಞರು ಪ್ರಕಟಿಸಿದರು. ಅಂಕ ಹೆಚ್ಚಿದಷ್ಟೂ ಮೈಗೆ ಕೇಡು. ಗಡಿಯಾರದ ಚಿಕ್ಕ ಮುಳ್ಳನ್ನು ನೆನೆಸಿಕೊಳ್ಳಿ. 12ರಲ್ಲಿದ್ದರೆ ನೆಟ್ಟಗೆ ನಿಂತಂತೆ. 1ಕ್ಕೆ ಬಂದರೆ ಬೆನ್ನು 30 ಡಿಗ್ರಿ ಬಾಗಿದಂತೆ, 2ಕ್ಕೆ ಬಂದರೆ 60. ಆ ಎರಡನ್ನು ದಾಟಿದ ಬಾಗಿಗೆ ರೂಲಾದಲ್ಲಿ ಬೆನ್ನಿನ ಅತಿ ಹೆಚ್ಚಿನ ಅಂಕ. ನಾಟಿಯಲ್ಲಿ ನಮ್ಮ ತಾಯಂದಿರು ಮೂರರ ಆಚೆಗೇ ಇರುತ್ತಾರೆ, ಅದೂ ಗಂಟೆಗಟ್ಟಲೆ. ಹತ್ತಿಯಲ್ಲಿ ಹಾಗಲ್ಲ; ಮೇಲಿನ ಕಾಯಿಗೆ ನೆಟ್ಟಗೆ, ಕೆಳಗಿನ ಕಾಯಿಗೆ ಬಾಗಿ, ಜೊತೆಗೆ ಉಡಿ ತುಂಬಿದಂತೆ ಭಾರವೆಲ್ಲ ಮುಂದಕ್ಕೆ. ಉಡಿಯ ಬದಲು ಹೆಗಲಿಗೆ ಚೀಲ ಹಾಕಿದರೆ ಬಾಗು ಕಡಿಮೆಯಾಗುವುದೇ? ಇದನ್ನು ಬಾಯಿಮಾತಿನಲ್ಲಿ ವಾದಿಸುವುದಕ್ಕಿಂತ ಅಳೆದು ನೋಡಬಹುದು.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮೊದಲು ಕೆಲಸ ಮಾಡುವವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ‘ಬ್ಯಾಡ’ ಎಂದರೆ ಅಲ್ಲಿಗೆ ಬಿಡಿ. ಮೊಬೈಲನ್ನು ಅವರ ಪಕ್ಕಕ್ಕೆ, ಸುಮಾರು ಹತ್ತು ಹೆಜ್ಜೆ ದೂರದಲ್ಲಿ, ಸೊಂಟದ ಎತ್ತರಕ್ಕೆ ಅಲುಗದಂತೆ ನಿಲ್ಲಿಸಿ. ಎದುರಿನಿಂದ ತೆಗೆದರೆ ಬಾಗು ತಿಳಿಯುವುದಿಲ್ಲ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ತಲೆಯಿಂದ ಪಾದದವರೆಗೆ ಪೂರ್ತಿ ಕಾಣಬೇಕು. ಬೆಳಗ್ಗೆ ಕೆಲಸ ಹಿಡಿದಾಗ ಎರಡು ನಿಮಿಷ, ದಣಿವಾದ ಮೇಲೆ ಎರಡು ನಿಮಿಷ ತೆಗೆಯಿರಿ. ಆಮೇಲೆ ವಿಡಿಯೊ ನಿಲ್ಲಿಸಿ, ಪರದೆಯ ಮೇಲೆ ಸೊಂಟದಿಂದ ಭುಜಕ್ಕೆ ಒಂದು ದಾರ ಹಿಡಿದು, ಮುಳ್ಳು ಯಾವ ಗಂಟೆಯಲ್ಲಿದೆ ನೋಡಿ. ಒಂದೇ ಹೊಲ, ಅದೇ ಹೆಣ್ಣುಮಗಳು, ಒಂದು ದಿನ ಉಡಿ, ಇನ್ನೊಂದು ದಿನ ಚೀಲ. ಬಿಡಿಸಿದ ಹತ್ತಿಯ ತೂಕವನ್ನೂ ಬರೆದಿಡಿ. ಕಿಲೋ ಲೆಕ್ಕದ ಕೂಲಿಯಲ್ಲಿ ಬೆನ್ನಿಗೆ ಹಿತವಾಗಿ ಕೈಗೆ ನಿಧಾನವಾದರೆ ಯಾರೂ ಚೀಲ ಹಿಡಿಯುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಹೀಗೆ ಒಪ್ಪಿಗೆಯಿಂದ ತೆಗೆದ ಚಿತ್ರಗಳೇ ಮುಂದೆ ಯಂತ್ರಕ್ಕೂ ಪಾಠವಾಗುತ್ತವೆ. ಇದಕ್ಕೊಂದು ಮೇಲ್ಪಂಕ್ತಿ ಇದೆ. ಭಾರತೀಯ ಸಂಜ್ಞಾ ಭಾಷೆಯನ್ನು ಯಂತ್ರಕ್ಕೆ ಕಲಿಸಲೆಂದು ಐ.ಐ.ಟಿ. ಮದ್ರಾಸಿನ ಸಂಶೋಧಕರು 2020ರಲ್ಲಿ 263 ಪದಗಳ 4,287 ವಿಡಿಯೊಗಳನ್ನು ಹೊರತಂದರು. ಅದಕ್ಕಾಗಿ ಕ್ಯಾಮೆರಾ ಮುಂದೆ ಕೈಯಾಡಿಸಿದವರು ಚೆನ್ನೈನ ಕಿವುಡ ವಿದ್ಯಾರ್ಥಿಗಳು, ಅಂದರೆ ಆ ಭಾಷೆಯನ್ನು ನಿತ್ಯ ಬಳಸುವವರೇ. ನಮ್ಮಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ. 2019ರಲ್ಲಿ ಸ್ಥಾಪನೆಯಾದ ಐ.ಐ.ಐ.ಟಿ. ಕೂಡ ರಾಯಚೂರಿನದೇ. ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟಾಗಿ ನಾರಾಯಣಪುರ ಬಲದಂಡೆಯ ಕೆಳಗಿನ ದೇವದುರ್ಗದ ಹೊಲಗಳಿಗೆ ಬಂದು, ಹತ್ತಿ, ಮೆಣಸಿನಕಾಯಿ, ನಾಟಿ ಈ ಮೂರು ಕೆಲಸಗಳ ಚಿತ್ರಗಳನ್ನಾದರೂ ದುಡಿಯುವವರ ಜೊತೆ ಕುಳಿತು ಗುರುತು ಹಾಕಿದರೆ ಬಹಳ ಒಳ್ಳೆಯದು. ಯಾವುದು ದುಡಿಮೆ, ಯಾವುದು ಸುಧಾರಿಸಿಕೊಳ್ಳುವುದು ಎಂದು ಆ ತಾಯಂದಿರೇ ಹೇಳಲಿ. ನೀರು ಕುಡಿಯಲು ನಿಂತದ್ದನ್ನು ಯಂತ್ರ ಸೋಮಾರಿತನವೆಂದು ಬರೆದುಕೊಳ್ಳಬಾರದಲ್ಲ.

ಮಾತು ಸಾಕು. ಹೊರಗೆ ಹತ್ತಿ ತಾಕಿನ ಬಳಿ ಒಂದು ಮೊಬೈಲು, ಒಂದು ಉಂಡೆ ದಾರ, ಎರಡು ಚೀಲ ಇಟ್ಟಿದ್ದೇವೆ. ಇಷ್ಟವಿದ್ದವರು ಮುಂದೆ ಬನ್ನಿ, ಒಂದು ಸಾಲು ಬಿಡಿಸೋಣ; ಮುಳ್ಳು ಎಷ್ಟಕ್ಕೆ ಬರುತ್ತದೋ ನೀವೇ ಓದಿ ಹೇಳಿ.