ಗಡಿಯಲ್ಲಿ ನಿಲ್ಲದ ಭೂಗೋಳ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯೊಂದು ತಾನು ಕಲಿಸಿದುದಕ್ಕಾಗಿ ಹೆಮ್ಮೆಪಡುವುದು ಸಹಜ. ಇನ್ನೇನನ್ನು ಕಲಿಸಬೇಕಾಗಿದೆ ಎಂದು ಕೇಳಿಕೊಳ್ಳುವುದೂ ಅಷ್ಟೇ ಉಚಿತ. ಆ ದೃಷ್ಟಿಯಿಂದ ಭೂಗೋಳದ ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಅಮೆರಿಕದ ಅನೇಕರಿಗೆ ಸ್ಲೊವೇನಿಯಾ, ಸ್ಲೊವಾಕಿಯಾಗಳ ವ್ಯತ್ಯಾಸ ತಿಳಿಯದು. ಯುರೋಪಿನ ಅನೇಕರಿಗೆ ಅಯೋವಾ ಎಲ್ಲಿದೆ, ಐಡಾಹೊ ಎಲ್ಲಿದೆ ಎಂಬುದು ತಿಳಿಯದು. ಆದರೂ ಒಬ್ಬರನ್ನು ಕಂಡು ಇನ್ನೊಬ್ಬರು ನಗುತ್ತಾರೆ. ಆ ನಗುವಿನಲ್ಲಿ ನಾವು ಪಾಲುಗೊಳ್ಳುವ ಮುನ್ನ ನಮ್ಮ ಅಂಗಳವನ್ನೊಮ್ಮೆ ನೋಡೋಣ. ‘ಹೊಸದುರ್ಗ’ ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಚಿತ್ರದುರ್ಗ ಜಿಲ್ಲೆಯ ತಾಲೂಕು; ನಮ್ಮ ಮಕ್ಕಳಿಗೆ ನೆನಪಾಗುವುದು ಕಾಸರಗೋಡು ಜಿಲ್ಲೆಯ ತಾಲೂಕು. ಎರಡನ್ನೂ ಬಲ್ಲವರು ವಿರಳ.

ನದಿಗಳ ಪಾಡೂ ಇದೇ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿದು ಬರುವ ಪಯಸ್ವಿನಿಯೇ ನಮ್ಮ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಗಡಿಯ ಆಚೆಯ ಮಗುವಿಗೆ ಅದರ ಕೊನೆ ತಿಳಿಯದು, ಈಚೆಯ ಮಗುವಿಗೆ ಅದರ ಮೊದಲು ತಿಳಿಯದು. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ 3 ನದಿಗಳಲ್ಲಿ ಕಬಿನಿಯೂ ಒಂದೆಂದು ನಮ್ಮ ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಅದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದನ್ನು ಹೇಳುವವರು ಕಡಿಮೆ.

ಇದು ಮಕ್ಕಳ ಆಲಸ್ಯವಲ್ಲ. ಪಠ್ಯಪುಸ್ತಕದ ನಕ್ಷೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಕುತೂಹಲವೂ ಮುಗಿಯುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನಿಂದ ಕೇರಳದ ಭಾಗವಾಯಿತು. ಚಂದ್ರಗಿರಿಯ ಉತ್ತರಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ನಕ್ಷೆ ಬದಲಾಯಿತು, ಹೊಳೆ, ಹಾದಿ, ನೆಂಟಸ್ತಿಕೆಗಳು ಬದಲಾಗಲಿಲ್ಲ.

ಅರಿಯದಿದ್ದರೆ ನಷ್ಟವೇನು ಎಂದು ಕೇಳಬಹುದು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ರಾಜಧಾನಿ ತಿರುವನಂತಪುರ 500 ಕಿಲೋಮೀಟರಿಗೂ ಮಿಕ್ಕಿದ ದೂರ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ನಾವೆಲ್ಲ ಬಲ್ಲೆವು. ದೂರದಲ್ಲಿ ಕುಳಿತವರಿಗೆ ಅದು ಎರಡು ರಾಜ್ಯಗಳ ನಡುವಿನ ಒಂದು ಗೆರೆ. ನಮಗೆ ಮನೆಗೂ ಔಷಧಕ್ಕೂ ನಡುವೆ ಬಿದ್ದ ಅಗಳಿ.

ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ನಮ್ಮದೊಂದು ಕೋರಿಕೆ. ಶಾಲೆಯ ಪಡಸಾಲೆಯ ಗೋಡೆಯ ಮೇಲೆ ಕೇರಳ, ಕರ್ನಾಟಕಗಳೆರಡನ್ನೂ ಒಳಗೊಂಡ ದೊಡ್ಡ ನಕ್ಷೆಯೊಂದನ್ನು ಬರೆಸೋಣ. ಅದರಲ್ಲಿ ಪಯಸ್ವಿನಿ ಮೊದಲಿನಿಂದ ಕೊನೆಯವರೆಗೆ ಹರಿಯಲಿ. ಬೆಂಗಳೂರಿನಲ್ಲಾಗಲಿ ಕೊಚ್ಚಿಯಲ್ಲಾಗಲಿ ಗಲ್ಫ್ ನಾಡುಗಳಲ್ಲಾಗಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ಒಂದು ತರಗತಿ ತೆಗೆದುಕೊಂಡು ತಾವಿರುವ ಊರನ್ನು ಮಕ್ಕಳಿಗೆ ಪರಿಚಯಿಸಲಿ. ರಕ್ಷಕರು ಮಕ್ಕಳೊಡನೆ ಪಯಣಿಸುವಾಗ ದಾಟುವ ಪ್ರತಿಯೊಂದು ಸೇತುವೆಯ ಕೆಳಗಿನ ಹೊಳೆಯ ಹೆಸರನ್ನು ಕೇಳಲಿ, ಹೇಳಲಿ.

ಮಲೆಯಾಳವನ್ನೂ ಕನ್ನಡವನ್ನೂ ತುಳುವನ್ನೂ ಕೇಳುತ್ತ ಬೆಳೆಯುವ ನಮ್ಮ ಮಕ್ಕಳು ಎರಡೂ ನಾಡುಗಳ ಪರಿಚಯವನ್ನು ಪರಸ್ಪರರಿಗೆ ಮಾಡಿಕೊಡಬಲ್ಲರು. ಆ ಯೋಗ್ಯತೆಯನ್ನು ಅವರಿಗೆ ಒದಗಿಸುವುದೇ ಎರಡನೆಯ ಶತಮಾನದಲ್ಲಿ ಈ ಶಾಲೆಯ ಹೊಣೆಯೆಂದು ನಾವು ಭಾವಿಸುತ್ತೇವೆ.