ಬಿಸಾಡಿದ ಶಾಟ್

(ಮಹಿಳಾ ಕಾರ್ಯಕರ್ತೆಯರ ಶಿಬಿರವೊಂದರಲ್ಲಿ ನಿವೃತ್ತ ಉಪನ್ಯಾಸಕಿಯೊಬ್ಬರು ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ನಿಷೇಧ ಕಾಯಿದೆಗೂ ನನಗೂ ಒಂದೇ ವಯಸ್ಸು. ಇಬ್ಬರೂ 1961ರಲ್ಲಿ ಹುಟ್ಟಿದವರು. ನಾನು ಎಂ.ಎ. ಮುಗಿಸಿ ಉಪನ್ಯಾಸಕಿಯಾಗಿ ಸೇರಿದ್ದು 1986ರಲ್ಲಿ. ಅದೇ ವರ್ಷ ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವೆಂದು ಗುರುತಿಸುವ 304ಬಿ ಕಲಮು ಬಂತು. ಆಗ ನಾವು ಬೀದಿನಾಟಕ ಆಡುತ್ತಿದ್ದೆವು, ಹಾಡು ಕಟ್ಟಿ ಹಾಡುತ್ತಿದ್ದೆವು, ಕೈಬರಹದ ಪೋಸ್ಟರುಗಳಿಗೆ ಮೈದಾ ಅಂಟು ಸವರಿ ಬಸ್ ನಿಲ್ದಾಣದ ಗೋಡೆಗೆ ಹಚ್ಚುತ್ತಿದ್ದೆವು. ಇವತ್ತಿನ ಹುಡುಗ ಹುಡುಗಿಯರು ಹಾಡಿನ ವಿಡಿಯೋ ಮಾಡುತ್ತಾರೆ. ಅಂಥದೊಂದು ವಿಡಿಯೋದ ಸಂಕಲನಕ್ಕೆ ಜೊತೆಯಾಗಿ ನಾನು ಹತ್ತು ದಿನ ಕುಳಿತಿದ್ದೆ. ಆ ಹತ್ತು ದಿನಗಳಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದಷ್ಟೇ ನನ್ನ ಉದ್ದೇಶ.

ಪತ್ರಿಕೋದ್ಯಮ ಓದುವ ಆರು ಮಂದಿ ವಿದ್ಯಾರ್ಥಿಗಳು, ನಾಲ್ವರು ಹುಡುಗಿಯರು, ಇಬ್ಬರು ಹುಡುಗರು. ಮಾರ್ಚ್ 8ರ ಕಾರ್ಯಕ್ರಮಕ್ಕೆಂದು ವರದಕ್ಷಿಣೆ ಕುರಿತು ನಾಲ್ಕು ನಿಮಿಷದ ಹಾಡೊಂದನ್ನು ತಾವೇ ಬರೆದು ರಾಗ ಹಾಕಿದ್ದರು. ನಮ್ಮ ಹೆಣ್ಣೊಪ್ಪಿಸುವ ಹಾಡುಗಳ ಧಾಟಿ ಅದರಲ್ಲಿತ್ತು. ಮೊಬೈಲಿನಲ್ಲೇ ಎರಡು ದಿನ ಚಿತ್ರೀಕರಿಸಿ, ಎರಡು ಗಂಟೆಯಷ್ಟು ದೃಶ್ಯಗಳನ್ನು ಗುಡ್ಡೆ ಹಾಕಿಕೊಂಡಿದ್ದರು. "ಮೇಡಂ, ಕಾನೂನಿನ ವಿಷಯ ಸರಿ ಇದೆಯಾ ನೋಡಿಕೊಡಿ" ಎಂದು ಕರೆದರು. ಸಂಕಲನದ ಗಂಧ ಗಾಳಿ ನನಗಿರಲಿಲ್ಲ. ಅವರೇ ಕಲಿಸಿದರು.

ಲೆಕ್ಕ ಸರಳವಾಗಿದೆ. ಸೆಕೆಂಡಿಗೆ 25 ಚಿತ್ರ ಅಂದರೆ 25 ಫ್ರೇಮು. ನಾಲ್ಕು ನಿಮಿಷಕ್ಕೆ 6,000 ಫ್ರೇಮು. ಹಾಡಿನ ವೇಗ ನಿಮಿಷಕ್ಕೆ 100 ಬೀಟು, ಆದ್ದರಿಂದ ಒಂದು ಬೀಟಿಗೆ ಸರಿಯಾಗಿ 15 ಫ್ರೇಮು. ಧ್ವನಿಯ ಅಲೆ ಪರದೆಯ ಮೇಲೆ ಗುಡ್ಡ ಕಣಿವೆಯ ಹಾಗೆ ಕಾಣುತ್ತದೆ, ಗುಡ್ಡದ ತುದಿಗೆ ಗುರುತು ಹಾಕಿ ಅಲ್ಲಿ ದೃಶ್ಯ ಬದಲಿಸಬೇಕು. ಮೊಬೈಲು ಒಂದೇ ವೇಗದಲ್ಲಿ ಚಿತ್ರ ಹಿಡಿಯುವುದಿಲ್ಲವಾದ್ದರಿಂದ ಎರಡನೆಯ ಚರಣದ ಹೊತ್ತಿಗೆ ತುಟಿಯೂ ಹಾಡೂ ಬೇರೆಯಾಗಿದ್ದವು. ಎಲ್ಲ ದೃಶ್ಯಗಳನ್ನೂ 25 ಫ್ರೇಮಿಗೆ ಪರಿವರ್ತಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು.

ಮೊದಲ ಕರಡು ತೋರಿಸಿದಾಗ ನನಗೆ ಕಸಿವಿಸಿಯಾಯಿತು. ಸೊಸೆಯ ಕೆನ್ನೆಗೆ ಬೀಳುವ ಏಟನ್ನು ಮೂರು ಕೋನಗಳಿಂದ, ಮೂರು ಸಲ, ನಿಧಾನಗತಿಯಲ್ಲಿ ತೋರಿಸಿದ್ದರು. ಪ್ರತಿ ಏಟೂ ಸರಿಯಾಗಿ ಬೀಟಿನ ಮೇಲೆ ಬೀಳುತ್ತಿತ್ತು. ಸೊಸೆಯ ಕೂದಲು ಚೆಲುವಾಗಿ ಹಾರಾಡುತ್ತಿತ್ತು. ನೋಡುತ್ತಾ ನೋಡುತ್ತಾ ನನ್ನ ಕಾಲು ತಾಳ ಹಾಕುತ್ತಿರುವುದು ನನಗೇ ಗೊತ್ತಾಗಿ ನಾಚಿಕೆಯಾಯಿತು. ಅದನ್ನೇ ಅವರಿಗೆ ಹೇಳಿದೆ: "ಏಟಿಗೆ ನನ್ನ ಕಾಲು ಕುಣಿಯಿತಲ್ಲ, ಇದು ಯಾರ ಪರವಾದ ವಿಡಿಯೋ?" ಹುಡುಗರು ಬೇಸರಪಟ್ಟುಕೊಂಡರು. "ಹೊಡೆತ ತೋರಿಸದಿದ್ದರೆ ಜನಕ್ಕೆ ತಟ್ಟುವುದಿಲ್ಲ ಮೇಡಂ" ಎಂದರು. ಈ ವಾದವನ್ನು ನಾವೂ ನಮ್ಮ ಬೀದಿನಾಟಕಗಳ ಕಾಲದಲ್ಲಿ ಮಾಡಿದ್ದೆವು. ಸೀಮೆಎಣ್ಣೆ ಡಬ್ಬ ಕಂಡರೆ ಜನ ಸೇರುತ್ತಿದ್ದರು, ನಾಟಕ ಮುಗಿದ ಮೇಲೆ ಚದುರುತ್ತಿದ್ದರು.

ಆಗ ಅವರಿಗೆ ಎರಡು ಉದಾಹರಣೆ ಕೊಟ್ಟೆ. 2000ದ ಹೊತ್ತಿಗೆ ಬ್ರೇಕ್‌ಥ್ರೂ ಸಂಸ್ಥೆ 'ಮನ್ ಕೆ ಮಂಜೀರೆ' ಎಂಬ ಹಾಡಿನ ವಿಡಿಯೋ ತಂದಿತು. ಶುಭಾ ಮುದ್ಗಲ್ ಹಾಡಿದ್ದು. ಹಿಂಸೆಯ ಮದುವೆಯಿಂದ ಹೊರಬಂದ ಹೆಣ್ಣಾಗಿ ಮೀತಾ ವಶಿಷ್ಠ್ ಲಾರಿ ಓಡಿಸುತ್ತಾರೆ. ನೆನಪಿನಲ್ಲಿ ಉಳಿಯುವುದು ಸ್ಟೀರಿಂಗ್ ಹಿಡಿದ ಆ ಕೈಗಳು. ಅದೇ ಸಂಸ್ಥೆ 2008ರಲ್ಲಿ 'ಬೆಲ್ ಬಜಾವೋ' ಎಂಬ ಪ್ರಚಾರ ಆರಂಭಿಸಿತು. ಪಕ್ಕದ ಮನೆಯಲ್ಲಿ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದವರು ಹೋಗಿ ಕರೆಗಂಟೆ ಒತ್ತಿ, ಏನೋ ಒಂದು ಸಣ್ಣ ನೆಪ ಹೇಳುತ್ತಾರೆ. ಹೊಡೆತ ಕಾಣುವುದಿಲ್ಲ, ಗೋಡೆಯಾಚೆಯ ಸದ್ದಷ್ಟೇ. ನೋಡುವವರಿಗೆ ಅಲ್ಲಿ ಅಳುವುದಕ್ಕಿಂತ ಹೆಚ್ಚಿನ ಕೆಲಸವೊಂದಿದೆ.

ಹುಡುಗರು ಅದನ್ನು ನೋಡಿ ಸುಮ್ಮನಾದರು. ಮಾರನೆಯ ದಿನ ಮೂರೂ ಏಟುಗಳನ್ನು ತೆಗೆದಿದ್ದರು. ಅದರ ಜಾಗದಲ್ಲಿ, ಪಕ್ಕದ ಮನೆಯಾಕೆ ಟೀವಿಯ ಸದ್ದು ಜೋರು ಮಾಡುವ ಒಂದೇ ಶಾಟ್ ಹಾಕಿದ್ದರು. ಅದನ್ನು ಬೀಟಿನ ಮೇಲೆ ಕೂರಿಸದೆ ಆರು ಫ್ರೇಮು ತಡವಾಗಿ ತಂದಿದ್ದರು. ಕಾಲು ಸೆಕೆಂಡಿಗಿಂತಲೂ ಕಡಿಮೆ. ಆದರೆ ತಾಳ ಹಾಕುತ್ತಿದ್ದ ಕಾಲು ಅಲ್ಲಿ ತಡವರಿಸುತ್ತದೆ.

ಇನ್ನೊಂದು ವಿಷಯ. ಸಂಕಲನದ ಪರದೆಯಲ್ಲಿ ಎಲ್ಲ ಶಾಟುಗಳೂ ಸಾಲಾಗಿ ಕಾಣುವುದರಿಂದ ಎಣಿಸುವುದು ಸುಲಭ. ನಾನು ಪೆನ್ನು ಕಾಗದ ಹಿಡಿದು ಎಣಿಸಿದೆ. ಅತ್ತೆಯದು 14 ಶಾಟು. ಗಂಡನದು ಎರಡು, ಅದರಲ್ಲಿ ಒಂದು ಬೆನ್ನು. ಮಾವನದು ಒಂದೂ ಇಲ್ಲ. "ಮೋಟಾರ್ ಸೈಕಲ್ ಕೇಳಿದ್ದು ಯಾರಿಗಾಗಿ? ಅದನ್ನು ಓಡಿಸುವವನು ಯಾರು?" ಎಂದು ಕೇಳಿದೆ. ಆರೂ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಪಾತ್ರ ಮಾಡಿದ ಹುಡುಗನೇ ಸಂಕಲನಕಾರ. ತನ್ನ ಮುಖವನ್ನು ಅಲ್ಲಿ ನೋಡಲು ಇಷ್ಟವಾಗಲಿಲ್ಲ, ಅದಕ್ಕೇ ಕತ್ತರಿಸಿದೆ ಎಂದು ಅವನೇ ಒಪ್ಪಿಕೊಂಡ. ಅವನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡೆ. ನಮ್ಮ ಸಿನಿಮಾ, ಧಾರಾವಾಹಿಗಳು ಎಷ್ಟೋ ಕಾಲದಿಂದ ಮಾಡುತ್ತಾ ಬಂದಿರುವುದೂ ಇದನ್ನೇ ಅಲ್ಲವೇ? ಹೆಣ್ಣಿಗೆ ಹೆಣ್ಣೇ ಶತ್ರು ಎಂದು ಸಾರಿ, ಲಾಭ ಪಡೆದವನನ್ನು ಬಾಗಿಲ ಹಿಂದೆ ಬಚ್ಚಿಡುವುದು.

ಅತ್ತೆಯ ಮುಖವಾದರೂ ಎಂಥದು? ಅಸಲಿಗೆ ಅದು ಆಕೆ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿದ್ದ ಶಾಟು. ಸೀಮೆಎಣ್ಣೆ ಡಬ್ಬದ ಪಕ್ಕಕ್ಕಿಟ್ಟಾಗ ಕ್ರೂರವಾಗಿ ಕಂಡಿತು. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆಯೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದ: ಒಬ್ಬ ನಟನ ಅದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ಜನರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ ಕಾಣುತ್ತದೆ. ಇದನ್ನು ಹುಡುಗಿಯರೇ ನನಗೆ ಹೇಳಿದ್ದು. ಹೇಳಿದ ಮೇಲೆ ಆ ಮುಖವನ್ನು ಅತ್ತೆಯ ಹಳೆಯ ಮದುವೆಯ ಫೋಟೋ ಪಕ್ಕಕ್ಕಿಟ್ಟು ನೋಡಿದರು. ಅವಳ ತಪ್ಪು ಮಾಫಿಯಾಗಲಿಲ್ಲ, ಆದರೆ ಅವಳೂ ಒಂದು ದಿನ ಟ್ರಂಕು ಹಿಡಿದು ಆ ಮನೆಯ ಹೊಸಿಲು ದಾಟಿದವಳು ಎಂದು ತಿಳಿಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಬೇಡವೆಂದು ಬಿಸಾಡಿದ ಶಾಟುಗಳಿಗೊಂದು ಬೇರೆ ಪೆಟ್ಟಿಗೆ ಇತ್ತು. ಕುತೂಹಲಕ್ಕೆ ತೆರೆಸಿದೆ. ಅದರಲ್ಲೊಂದು ಉದ್ದನೆಯ ಶಾಟು: ಮಗಳು ಸೂಟ್‌ಕೇಸ್ ಹಿಡಿದು ತವರಿಗೆ ಬರುತ್ತಾಳೆ. ಅಮ್ಮ ನೀರು ಕೊಡುತ್ತಾಳೆ. ಅಪ್ಪ ಯಾರಿಗೋ ಫೋನು ಮಾಡಿ, ಒಳಗೆ ಬಂದು ಸೂಟ್‌ಕೇಸನ್ನು ಎತ್ತಿ ಮತ್ತೆ ಬಾಗಿಲ ಬಳಿ ಇಡುತ್ತಾನೆ. ಯಾರೂ ಮಾತಾಡುವುದಿಲ್ಲ. ಯಾಕೆ ಬಿಟ್ಟಿರಿ ಎಂದರೆ "ಬೀಟಿಗೆ ಕೂರಲ್ಲ ಮೇಡಂ, ಕತ್ತರಿಸಿದರೆ ಅರ್ಥ ಕೆಡುತ್ತೆ" ಎಂದರು. ಒಬ್ಬಳು ಹುಡುಗಿ ಮಾತ್ರ ಎದ್ದು ಹೊರಗೆ ಹೋದಳು. ಆ ದೃಶ್ಯ ಬರೆದವಳು ಅವಳು. ಅವಳ ಅಕ್ಕ ಹಾಗೆ ಎರಡು ಸಲ ವಾಪಸ್ ಹೋಗಿದ್ದಳು.

ನಮ್ಮ 'ಕೆರೆಗೆ ಹಾರ' ನಿಮಗೆಲ್ಲ ಗೊತ್ತು. ಬಲಿಯಾಗುವ ಮುನ್ನ ಭಾಗೀರಥಿ ತವರಿಗೆ ಹೋಗುತ್ತಾಳೆ. ತಂದೆ ತಾಯಿಯ ಮುಂದೆ ನಿಜ ಹೇಳಲಾರದೆ ಹಿಂತಿರುಗುತ್ತಾಳೆ. ಜನಪದ ಕವಿ ಬಿಡದೆ ಹಾಡಿದ ಆ ಭಾಗವನ್ನೇ ನಮ್ಮ ಮಕ್ಕಳು ಕತ್ತರಿಸಿದ್ದರು. ನಾವೂ ನಮ್ಮ ನಾಟಕಗಳಲ್ಲಿ ಗಂಡನ ಮನೆಯನ್ನು ಬೈದಷ್ಟು ತವರನ್ನು ಪ್ರಶ್ನಿಸಲಿಲ್ಲ. ಪ್ರೇಕ್ಷಕರಲ್ಲಿ ನಮ್ಮ ಅಪ್ಪ ಅಮ್ಮಂದಿರೇ ಕೂತಿರುತ್ತಿದ್ದರಲ್ಲ! ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳಾದವು, ದಿನಕ್ಕೆ ಹದಿನಾರಕ್ಕಿಂತ ಜಾಸ್ತಿ. ಅವರಲ್ಲಿ ಎಷ್ಟು ಜನ ಸಾಯುವ ಮುನ್ನ ತವರಿನ ಬಾಗಿಲು ತಟ್ಟಿದ್ದರು ಎಂದು ಯಾವ ದಾಖಲೆಯೂ ಎಣಿಸುವುದಿಲ್ಲ.

ಆ ಹುಡುಗಿ ಒಳಗೆ ಬಂದ ಮೇಲೆ ಚರ್ಚೆ ನಡೆಯಿತು. ಹಾಡನ್ನೇ ಅಲ್ಲಿ ನಿಲ್ಲಿಸೋಣ ಎಂದು ತೀರ್ಮಾನಿಸಿದರು. 20 ಸೆಕೆಂಡು, 500 ಫ್ರೇಮು, ವಾದ್ಯವಿಲ್ಲ, ಕತ್ತರಿಯಿಲ್ಲ. ಫ್ಯಾನಿನ ಸದ್ದು ಮಾತ್ರ. ಆದರೆ ಸೂಟ್‌ಕೇಸು ನಿಜಕ್ಕೂ ಅಕ್ಕನದೇ, ಅದರ ಹಿಡಿಗೆ ಹೆಸರಿನ ಚೀಟಿಯಿತ್ತು. "ಅಕ್ಕನನ್ನು ಕೇಳಿದ್ದೀಯಾ?" ಎಂದೆ. ಕೇಳಿರಲಿಲ್ಲ. ಒಳ್ಳೆಯ ಉದ್ದೇಶ ಇದೆಯೆಂದು ಇನ್ನೊಬ್ಬಳ ನೋವನ್ನು ಕೇಳದೆ ಬಳಸುವ ಹಕ್ಕು ನಮಗಿಲ್ಲ. ಚಳವಳಿಯ ನಾವೂ ಇದನ್ನು ಮತ್ತೆ ಮತ್ತೆ ನೆನಪಿಟ್ಟುಕೊಳ್ಳಬೇಕು. ಅವತ್ತೇ ಫೋನು ಮಾಡಿದಳು. ದೃಶ್ಯ ಇರಲಿ, ಹೆಸರು ಬೇಡ ಎಂದಳಂತೆ ಅಕ್ಕ. 4ಕೆ ಗಾತ್ರದಲ್ಲಿ ಚಿತ್ರೀಕರಿಸಿದ್ದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಚೀಟಿಯನ್ನು ಅಂಚಿನಿಂದ ಆಚೆ ತಳ್ಳಿದರು.

ಕಡೆಗೆ, ನನ್ನನ್ನು ಕರೆದ ಕೆಲಸ. ಕೊನೆಯ ಪರದೆಯ ಮೇಲೆ 1983ರಲ್ಲಿ ಬಂದ 498ಎ ಎಂದಷ್ಟೇ ಬರೆದಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿದೆ. ಆ ದಿನದಿಂದೀಚಿನ ಅಪರಾಧಗಳಿಗೆ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದ ಬಗ್ಗೆ 85 ಮತ್ತು 86ನೇ ಕಲಮು, ವರದಕ್ಷಿಣೆ ಸಾವಿಗೆ 80ನೇ ಕಲಮು. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಅವಳು ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ರಕ್ಷಣಾ ಆದೇಶವನ್ನೂ ಕೇಳಬಹುದು. ಇಷ್ಟನ್ನೆಲ್ಲ ಪರದೆಗೆ ತುರುಕಿದರೆ ಯಾರೂ ಓದುವುದಿಲ್ಲ. ನಮ್ಮ ಕಚೇರಿಗಳಲ್ಲಿ ಹೇಳುವುದಕ್ಕೆ ಇವು ಬೇಕು, ಪರದೆಗೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಎರಡೇ ಸಂಖ್ಯೆ ಸಾಕು. ನಿಧಾನ ಓದುವ ಅಮ್ಮನೊಬ್ಬಳು ಎರಡು ಸಲ ಓದುವಷ್ಟು ಹೊತ್ತು ಅವು ನಿಲ್ಲಬೇಕು ಎಂದೆ. ಕಾಲೇಜಿನ ಆಯಾರನ್ನು ಕರೆದು ಓದಿಸಿ ಸಮಯ ನೋಡಿಕೊಂಡರು. ಎಂಟು ಸೆಕೆಂಡು ಬೇಕಾಯಿತು, ಇವರು ಇಟ್ಟಿದ್ದು ಎರಡು.

ಮಾರ್ಚ್ 8ರಂದು ತೋರಿಸಿದಾಗ, ಹಾಡು ನಿಂತ ಆ 20 ಸೆಕೆಂಡಿನಲ್ಲಿ ಯಂತ್ರ ಕೆಟ್ಟಿತೆಂದು ಹಿಂದಿನ ಸಾಲಿನವರು ಕೂಗಿದರು. ಆಮೇಲೆ ಸುಮ್ಮನಾದರು. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಆ ಹುಡುಗಿ ವಿಡಿಯೋವನ್ನು ಅಪ್ಪನ ಮೊಬೈಲಿಗೆ ಕಳಿಸಿದ್ದಳು. ಅವರು ನೋಡಿದರಂತೆ, ಏನೂ ಹೇಳಲಿಲ್ಲವಂತೆ. ಮೂರು ವಾರದ ನಂತರ ಅಕ್ಕ ಮೂರನೆಯ ಸಲ ಬಂದಾಗ, ಸೂಟ್‌ಕೇಸನ್ನು ಅವರೇ ಒಳಕೋಣೆಗೆ ತೆಗೆದುಕೊಂಡು ಹೋಗಿ ಇಟ್ಟರಂತೆ. ಅದು ವಿಡಿಯೋದಿಂದಲೇ ಆಯಿತೆಂದು ನಾನು ಹೇಳಲಾರೆ. ಅಕ್ಕ ಈಗ ತವರಿನಲ್ಲೇ ಇದ್ದಾಳೆ, ಕೇಸು ನಡೆಯುತ್ತಿದೆ.

ನೀವು ನಿಮ್ಮ ಊರುಗಳಲ್ಲಿ ಮಕ್ಕಳೊಡನೆ ಇಂಥ ಕೆಲಸ ಮಾಡುವಾಗ ಒಂದೇ ವಿನಂತಿ: ಕರಡು ಸಿದ್ಧವಾದ ಮೇಲೆ ಬಿಸಾಡಿದ ಪೆಟ್ಟಿಗೆಯನ್ನೂ ತೆರೆಸಿ ನೋಡಿ.